ಕಟ್ಟು ಕಟ್ಟೋ ಹುಲ್ಲು

ನಮ್ಮ ಅತ್ತೆಗೆ ಓದು ಬರಹ ಬರುವುದಿಲ್ಲ. ನನಗೆ ಬರುತ್ತದೆ, ಸ್ವಲ್ಪ ಜಾಸ್ತಿಯೇ ಬರುತ್ತದೆ. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮನೆ ಮಸ್ಕಿಯಲ್ಲಿ. ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವರು. ಅವರು ಮನೆಯಲ್ಲಿದ್ದಾಗ ನಾನು ಕಾಲೇಜಿನಲ್ಲಿ, ನಾನು ಮನೆಯಲ್ಲಿದ್ದಾಗ ಅವರು ಗಣಿಯಲ್ಲಿ. ಹೀಗಾಗಿ ಈ ಮನೆಯಲ್ಲಿ ನಿಜವಾಗಿ ಸಂಸಾರ ಮಾಡಿದವರು ನಾನು ಮತ್ತು ಅತ್ತೆ. ಜಗಳವಾಡಬೇಕೆಂದರೂ ನಾವಿಬ್ಬರೇ, ರಾಜಿಯಾಗಬೇಕೆಂದರೂ ನಾವಿಬ್ಬರೇ.

ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ಅದೇ ಬರುತ್ತದೆ.

ಗಿಡ ಒಣಗಿಸಿ ಕಾಪಾಡುವುದು ನನ್ನ ಹುಚ್ಚು. ಹರ್ಬೇರಿಯಂ ಎನ್ನುತ್ತಾರೆ. ಹೊಲದ ಬದಿಯಿಂದಲೋ ಹಳ್ಳದ ದಂಡೆಯಿಂದಲೋ ಒಂದು ಗಿಡವನ್ನು ಬೇರುಸಮೇತ ಕಿತ್ತು ತರುವುದು, ಹಳೆಯ ಪೇಪರಿನ ನಡುವೆ ಹರಡುವುದು, ಎರಡು ಹಲಗೆಯ ನಡುವೆ ಬಿಗಿಯುವುದು, ದಿನಾ ಪೇಪರು ಬದಲಿಸುವುದು. ಒಣಗಿದ ಮೇಲೆ ದಪ್ಪ ಬಿಳಿ ಹಾಳೆಗೆ ಹೊಲಿದು, ಕೆಳಗಿನ ಮೂಲೆಯಲ್ಲಿ ಚೀಟಿ ಅಂಟಿಸುವುದು. ಯಾವ ಊರು, ಯಾವ ದಿನ, ನೀರಿನಲ್ಲಿತ್ತೋ ದಂಡೆಯ ಮೇಲಿತ್ತೋ, ಊರಿನವರು ಏನನ್ನುತ್ತಾರೆ, ಯಾರು ಕಿತ್ತರು, ಆ ಕಿತ್ತವರ ಎಷ್ಟನೆಯ ಗಿಡ, ಎಲ್ಲವೂ ಚೀಟಿಯಲ್ಲಿರಬೇಕು. ‘ಚೀಟಿ ಇಲ್ಲದ ಗಿಡ ಕಸ’ ಎಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ಅದು ಮನೆಯಲ್ಲೂ ನನ್ನ ಬಾಯಿಗೆ ಬಂದುಬಿಟ್ಟಿತ್ತು. ಪಡಸಾಲೆಯ ಅರ್ಧ ನನ್ನ ಹಲಗೆ, ಪೇಪರು, ಡಾಂಬರು ಗುಳಿಗೆಗಳದ್ದು. ಉಳಿದರ್ಧದಲ್ಲಿ ಅತ್ತೆ ಕೂತು ಅಕ್ಕಿ ಆರಿಸುತ್ತಾರೆ.

“ಮಂದಿ ಹೆಣ್ಮಕ್ಕಳು ಹಪ್ಪಳ ಒಣಗಸ್ತಾರ, ನಮ್ಮಾಕಿ ಕಸ ಒಣಗಸ್ತಾಳ” ಎಂದು ಅವರು ಓಣಿಯವರಿಗೆ ಹೇಳುತ್ತಿದ್ದರು. ಹೇಳುವಾಗ ದನಿಯಲ್ಲಿ ಹೆಮ್ಮೆಯೂ ಇರುತ್ತಿತ್ತು, ಅದು ನನಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ ದೂರದ ಒಂದು ವಿಶ್ವವಿದ್ಯಾಲಯದ ಸಸ್ಯ ಸಂಗ್ರಹಾಲಯದವರು ನೀರಿನ ಬದಿಯ ಸಸ್ಯಗಳ ದಾಖಲೆ ಮಾಡುತ್ತಿದ್ದರು. ಅವರಿಗೆ ನಮ್ಮ ಸೀಮೆಯಿಂದ ಬೇಕಾಗಿದ್ದು ಒಂದು ಕಾಡು ಹುಲ್ಲು, ಇಂಗ್ಲಿಷಿನವರು ರಶ್ ಎನ್ನುವುದು. ನಮ್ಮಲ್ಲಿ ನೀರಿನ ಪಕ್ಕ ಉದ್ದಕ್ಕೆ ಬೆಳೆದದ್ದಕ್ಕೆಲ್ಲ ಜೇಕು, ಆಪು ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಆದರೆ ಜೇಕು ಬೇರೆ, ರಶ್ ಬೇರೆ. ನಾನು ಭಾರಿ ಹುರುಪಿನಿಂದ ಗುಂಡನೆಯ ದಂಟಿನ ಒಂದು ಗಿಡ ಒಣಗಿಸಿ ಕಳಿಸಿದೆ. ಹಾಳೆ ವಾಪಸು ಬಂತು. ಅದರ ಮೇಲೆ ಅಲ್ಲಿನ ಹಿರಿಯರು ಪೆನ್ಸಿಲಿನಿಂದ ಬರೆದಿದ್ದರು: ಇದು ಜೇಕಿನ ಜಾತಿ, ದಂಟು ಗುಂಡಗಿದ್ದರೆ ಸಾಲದು, ತಲೆ ನೋಡಿ. ತಲೆ ಎಂದರೆ ತುದಿಯಲ್ಲಿರುವ ಕಂದು ಹೂಗೊಂಚಲು. ಅದರೊಳಗೆ ಆರು ಸಣ್ಣ ಎಸಳು, ನಡುವೆ ಬೀಜ ತುಂಬಿದ ಪುಟ್ಟ ಡಬ್ಬಿ ಇದ್ದರೆ ರಶ್. ಇಲ್ಲದಿದ್ದರೆ ಇಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಪೆನ್ಸಿಲಿನಲ್ಲಿ ಪಾಠ ಹೇಳಿಸಿಕೊಳ್ಳುವುದೆಂದರೆ! ಎರಡು ದಿನ ನನಗೆ ಊಟ ಸೇರಲಿಲ್ಲ.

ಆಗ ನನಗೆ ದಾರಿ ತೋರಿಸಿದವರು ಅತ್ತೆ. ಒಂದು ಭಾನುವಾರ ಹಳ್ಳದಿಂದ ತಂದ ಹುಲ್ಲಿನ ರಾಶಿಯನ್ನು ಮುಂದಿಟ್ಟುಕೊಂಡು ಗೊಣಗುತ್ತಿದ್ದೆ. ಅವರು ಮೊರ ಬದಿಗಿಟ್ಟು, ಒಂದೊಂದೇ ದಂಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿ ನೋಡತೊಡಗಿದರು.

“ಇದು ಮೂರು ಮೂಲಿದು, ಬೆರಳು ಕೊಯ್ತೈತಿ. ಇದು ಗುಂಡೈತಿ, ಆದ್ರ ಕಟ್ಟಿದ್ರ ಪಟ್ಟನ ಹರೀತೈತಿ. ನಿನಗ ಬೇಕಾಗಿದ್ದು ಕಟ್ಟು ಕಟ್ಟೋ ಹುಲ್ಲಿರಬೇಕು. ಅದು ಇದರಾಗಿಲ್ಲ.”

“ಅದ್ಯಾವುದ್ರಿ ಅತ್ತೀ?”

“ಭತ್ತದ ಸಸಿ ಕಿತ್ತು ಕಟ್ಟು ಕಟ್ತಿದ್ವಲ್ಲ, ಆ ಹುಲ್ಲು. ಈಗೆಲ್ಲಾ ಪ್ಲಾಸ್ಟಿಕ್ ದಾರ ಬಂದಾವ. ನಮ್ಮ ಕಾಲಕ್ಕ ಕಾಲವಿ ಬದೀಗಿ ಕೈ ಹಾಕಿದ್ರ ಅದಾ ಸಿಗ್ತಿತ್ತು. ಎಷ್ಟು ಜಗ್ಗಿದ್ರೂ ಹರೀತಿದ್ದಿಲ್ಲ.”

ಅತ್ತೆಯ ತವರು ಬಳಗಾನೂರು. ಕಾಲುವೆಯ ನೀರಿನ ಸೀಮೆ. ಮದುವೆಗೆ ಮೊದಲೂ ಆಮೇಲೂ ಅವರು ನಾಟಿ ಕೂಲಿಗೆ ಹೋದವರು. ಸಸಿಮಡಿಯಿಂದ ಸಸಿ ಕೀಳುವುದು, ಬೇರಿನ ಕೆಸರು ತೊಳೆಯುವುದು, ಮುಷ್ಟಿ ಗಾತ್ರದ ಕಟ್ಟು ಕಟ್ಟುವುದು ಅವರ ಕೈಗೆ ಉಸಿರಾಡಿದಷ್ಟೇ ಸಲೀಸು. ಈಗ ಮೊಣಕಾಲು ನೋವಿನಿಂದ ಬಿಟ್ಟಿದ್ದಾರೆ. “ಬಳಗಾನೂರು ದಾಟಿ ಸಣ್ಣ ತೂಬು ಬರ್ತೈತಿ, ಅದರ ಬುಡಕ್ಕ ನೀರು ಜಿನುಗತಾವ. ಅಲ್ಲಿ ನೋಡು” ಎಂದರು.

ಜನವರಿ ಎರಡನೆಯ ವಾರ ಕಾಲೇಜಿಗೆ ಒಂದು ರಜೆ ಸಿಕ್ಕಾಗ ಹೋಗಿ ನೋಡಿದೆ. ಎರಡನೇ ಬೆಳೆಯ ನಾಟಿ ಸುತ್ತಲೂ ಭರದಿಂದ ನಡೆದಿತ್ತು. ತೂಬಿನ ಬುಡದಲ್ಲಿ ಹಾಸಿಗೆಯಷ್ಟು ಜಾಗದಲ್ಲಿ ಅದು ನಿಂತಿತ್ತು. ಗುಂಡನೆಯ ತೆಳ್ಳನೆಯ ಹಸಿರು ದಂಟು, ತುದಿಯಲ್ಲಿ ಕಂದು ಗೊಂಚಲು. ಅಲ್ಲೇ ಒಂದು ಗೊಂಚಲನ್ನು ಮಸೂರದ ಕೆಳಗೆ ಬಿಡಿಸಿ ನೋಡಿದೆ. ಆರು ಎಸಳು! ಪುಟ್ಟ ಡಬ್ಬಿ! ಕೆಸರಿನಲ್ಲಿ ನಿಂತೇ “ಅಯ್ಯೋ ನಮ್ಮವ್ವಾ!” ಎಂದು ಕೂಗಿದೆ. ಆಚೆ ಹೊಲದ ಹೆಂಗಸರು ಹಾವು ಕಡಿಯಿತೆಂದು ಓಡಿ ಬಂದರು. ಐದು ಗಿಡ ಮಾತ್ರ ಕಿತ್ತುಕೊಂಡು ಉಳಿದದ್ದನ್ನು ಬಿಟ್ಟು ಬಂದೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಗಿಡಗಳನ್ನು ಬಚ್ಚಲ ಬಕೀಟಿನಲ್ಲಿ ನಿಲ್ಲಿಸಿದೆ. ಮರುದಿನ ಪರೀಕ್ಷೆಯ ಕೆಲಸ, ಏಳರ ಬಸ್ಸು. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ, “ಅತ್ತೀ, ಬಕೀಟಿನ್ಯಾಗಿನ ಹುಲ್ಲಿನ ಬೇರು ಜರಾ ತೊಳದಿಡ್ರಿ” ಎಂದು ಕೂಗಿ ಓಡಿದೆ. ನಾನು ಹೇಳಿದ್ದು ಅಷ್ಟೇ. ಅಷ್ಟನ್ನೇ ಹೇಳಿದ್ದು ನನ್ನ ತಪ್ಪು, ಆದರೆ ಆ ದಿನ ಹಾಗೆನಿಸಲಿಲ್ಲ.

ಸಂಜೆ ಬಂದು ನೋಡುತ್ತೇನೆ, ಐದೂ ಗಿಡದ ಬೇರು ಬೆಳ್ಳಗೆ ತೊಳೆದಿದೆ. ಐದನ್ನೂ ಸೇರಿಸಿ ನಡುವಿಗೆ ಅದೇ ಹುಲ್ಲಿನ ಒಂದು ಎಳೆಯಿಂದ ಚೆಂದಾಗಿ ಕಟ್ಟು ಕಟ್ಟಿದೆ. ಮೇಲಿನ ಒಂದು ಗೇಣು ಇಲ್ಲ. ಕುಡುಗೋಲಿನಿಂದ ಒಂದೇ ಸಮಕ್ಕೆ ಕತ್ತರಿಸಿದೆ. ತಲೆ ಇಲ್ಲ.

“ಅತ್ತೀ! ಇದರ ತುದಿ ಎಲ್ಲಿ?”

“ತುದಿ ಕತ್ತರಿಸೀನಲ್ಲ. ಸಸಿ ಹಚ್ಚೋ ಮುಂದ ತುದಿ ಕತ್ತರಿಸಬೇಕವಾ, ಇಲ್ಲಾಂದ್ರ ಗಾಳಿಗಿ ಬೀಳತೈತಿ. ಅದರಾಗ ತುದಿಗಿ ಬರೇ ಕಂದು ಕಂದು ಹುಳದ ತತ್ತಿ ಕುಂತಿದ್ವು. ನೀರೊಲಿಗಿ ಹಾಕಿ ಸುಟ್ಟೀನಿ.”

“ಹಚ್ಚಾಕ ಅಂತ ಯಾರ ಹೇಳಿದ್ರು ನಿಮಗ?”

“ಬೇರುಸಮೇತ ಕಿತ್ತು ತಂದಿ, ಬೇರು ತೊಳಿ ಅಂದಿ. ಹಚ್ಚಾಕಲ್ಲದ ಮತ್ಯಾತಕ್ಕ? ಕಾಲೇಜಿನ್ಯಾಗ ಹಚ್ತಿ ಅಂತ ಮಾಡಿದ್ದೆ.”

ಈಗ ಬರೆಯುವಾಗ ನಗು ಬರುತ್ತದೆ. ನಾಟಿ ಮಾಡಿದವರು ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಸಸಿಯ ತುದಿಯಲ್ಲಿ ಹುಳ ತತ್ತಿ ಇಡುತ್ತದೆಂದೇ ನಾಟಿಗೆ ಮೊದಲು ತುದಿ ಕತ್ತರಿಸಿ ಸುಡುವುದು, ಅದನ್ನು ನಮ್ಮ ಪುಸ್ತಕಗಳೂ ಹೇಳುತ್ತವೆ. ಆದರೆ ಆ ಸಂಜೆ ನನಗೆ ಕಂಡಿದ್ದು ನೀರೊಲೆಯ ಬೂದಿ ಮತ್ತು ಪೆನ್ಸಿಲಿನ ಅಕ್ಷರ ಮಾತ್ರ. ಬಾಯಿಗೆ ಬಂದದ್ದು ಬಂದುಬಿಟ್ಟಿತು.

“ಹೆಬ್ಬೆಟ್ಟಿನವರ ಕೈಯಾಗ ಕೊಟ್ಟೀನಲ್ಲ, ನಂದಾ ತಪ್ಪು.”

ಅತ್ತೆ ನನ್ನ ಮುಖ ನೋಡಿದರು. “ಹೌದವಾ” ಎಂದು ಒಂದೇ ಮಾತು ಹೇಳಿ, ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಗೆ ಹೋದರು.

ಅಂದಿನಿಂದ ಅವರು ನನ್ನೊಡನೆ ಮಾತಾಡಲಿಲ್ಲ. ಕೆಲಸ ಯಾವುದೂ ನಿಲ್ಲಲಿಲ್ಲ. “ರೊಟ್ಟಿ ಆಗ್ಯಾವ” ಎಂದು ಗೋಡೆಗೆ ಹೇಳುತ್ತಿದ್ದರು, ನಾನು ಹೋಗಿ ಉಣ್ಣುತ್ತಿದ್ದೆ. ಪುಂಡಿಪಲ್ಯ ನನಗೆ ಇಷ್ಟವೆಂದು ಅದನ್ನೇ ಮಾಡುತ್ತಿದ್ದರು, ಅದು ಇನ್ನೂ ಕಷ್ಟ. ಬೈದಿದ್ದರೆ ಹಗುರಾಗುತ್ತಿತ್ತು. ಆದರೆ ಪಡಸಾಲೆಯ ನನ್ನ ಅರ್ಧದ ಕಡೆ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೊದಲು ಗಾಳಿ ಬಂದರೆ ಪೇಪರು ಹಾರದಂತೆ ಓಡಿ ಬಂದು ಹಿಡಿಯುತ್ತಿದ್ದವರು, ಈಗ ಹಾರಿದರೆ ಹಾರಲಿ ಎಂದು ಕೂತಿರುತ್ತಿದ್ದರು.

ಪಾಳಿ ಮುಗಿಸಿ ಬಂದ ಗಂಡನಿಗೆ ನಾನೇ ಎಲ್ಲವನ್ನೂ ಹೇಳಿದೆ. ನನ್ನ ಕಡೆ ಮಾತಾಡಬಹುದೆಂಬ ದುರಾಸೆ ಇತ್ತು. ಅವರು ಚಹಾದ ಬಸಿ ಕೆಳಗಿಟ್ಟರು.

“ಆ ಹೆಬ್ಬೆಟ್ಟು ಒತ್ತಿನಾ ನನ್ನ ಸಾಲಿಗಿ ಹಚ್ಚ್ಯಾಳ ನಮ್ಮವ್ವ” ಎಂದರು. ಎದ್ದು ಮಲಗಲು ಹೋದರು.

ಆ ಭಾನುವಾರ ಬಳಗಾನೂರಿಗೆ ಮತ್ತೆ ಹೋದೆ. ಬಿಟ್ಟು ಬಂದಿದ್ದ ಗಿಡಗಳಿದ್ದವಲ್ಲ, ಅದೊಂದು ಧೈರ್ಯ. ಹೋಗಿ ನೋಡಿದರೆ ತೂಬಿನ ಬುಡ ಕೆಂಪಗೆ ಬಾಯಿ ತೆರೆದಿತ್ತು. ಸೋರಿಕೆ ನಿಲ್ಲಿಸಲು ಜೆಸಿಬಿ ತಂದು ಕೆರೆದಿದ್ದರು. ಸಿಮೆಂಟಿನ ಚೀಲ ಪಕ್ಕದಲ್ಲಿತ್ತು. ನೀರು ಪೋಲಾಗಬಾರದು, ಸರಿ, ಕೊನೆಯ ಹೊಲದವರಿಗೂ ನೀರು ಬೇಕು. ಯಾರನ್ನೂ ಬೈಯುವ ಹಾಗಿರಲಿಲ್ಲ. ಮಣ್ಣಿನ ಗುಡ್ಡೆಯನ್ನು ಕೈಯಿಂದ ಕೆದಕಿ ಒಂದು ಗಂಟೆ ಹುಡುಕಿದೆ. ಒಂದು ಎಳೆಯೂ ಸಿಗಲಿಲ್ಲ. ಸಂಗ್ರಹಾಲಯದವರು ತಿಂಗಳ ಕೊನೆಗೆ ಪಟ್ಟಿ ಮುಗಿಸುತ್ತಿದ್ದರು. ಅಷ್ಟರೊಳಗೆ ತಲೆಯಿರುವ ಒಂದು ಗಿಡ ಹೋಗದಿದ್ದರೆ ನಮ್ಮ ಸೀಮೆಯ ಜಾಗ ಖಾಲಿ. ಈ ಹುಲ್ಲು ಇಲ್ಲಿ ಇತ್ತು, ನಮ್ಮ ಹೆಂಗಸರು ಇದರಿಂದ ಕಟ್ಟು ಕಟ್ಟುತ್ತಿದ್ದರು ಎನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ. ಮನೆಗೆ ಬಂದು ಕೆಸರಿನ ಕಾಲು ತೊಳೆಯುವಾಗ, “ಅಲ್ಲಿ ಎಲ್ಲಾ ಕೆದರಿ ಹಾಕ್ಯಾರ, ಒಂದೂ ಉಳಿದಿಲ್ಲ” ಎಂದು ನಾನೂ ಗೋಡೆಗೇ ಹೇಳಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಎರಡು ದಿನ ಬಿಟ್ಟು ಮಧ್ಯಾಹ್ನ ಮೂರಕ್ಕೆ ಕಾಲೇಜಿನಿಂದ ಬಂದರೆ ಬಾಗಿಲಿಗೆ ಬೀಗ. ಕೀಲಿ ಪಕ್ಕದ ಮನೆಯಲ್ಲಿತ್ತು.

“ನಿಮ್ಮತ್ತಿ ಮುಂಜಾನೆ ನೀವು ಹೋದ ಮ್ಯಾಲ ಸಿಂಧನೂರು ಬಸ್ ಹತ್ತ್ಯಾಳ ನೋಡ್ರಿ. ಕೈಯಾಗ ಚೀಲ ಇತ್ತು” ಎಂದಳು ಪಕ್ಕದ ಮನೆಯಾಕೆ.

ಬೀಗ ತೆಗೆದು ಒಳಗೆ ಓಡಿದೆ. ಫೋನು ಮಾಡಿದರೆ ಗೂಡಿನಲ್ಲೇ ರಿಂಗಾಯಿತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಅತ್ತೆ ಒಂದಿಬ್ಬರನ್ನು ಜೊತೆ ಮಾಡಿಕೊಂಡು ಗುಡಿಗೋ ಸಂತೆಗೋ ಹೋಗುವುದಿತ್ತು. ಆದರೆ ಒಬ್ಬರೇ, ಹೇಳದೆ, ಚೀಲ ಹಿಡಿದುಕೊಂಡು ಎಂದೂ ಹೋಗಿರಲಿಲ್ಲ. ಸಿಟ್ಟಿನಲ್ಲಿ ಮನೆ ಬಿಟ್ಟರೇನೋ ಎಂದು ಅವರ ಟ್ರಂಕು ತೆರೆದು ನೋಡಿದೆ. ಸೀರೆಗಳೆಲ್ಲ ಇದ್ದವು. ಆದರೂ ಸಮಾಧಾನವಾಗಲಿಲ್ಲ. ಮೊಣಕಾಲು ನೋವಿನವರು ಎಲ್ಲಾದರೂ ಬಿದ್ದಿದ್ದರೆ? ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಸಿಂಧನೂರು ಕಡೆಯಿಂದ ಬಂದ ಒಂದು ಬಸ್ಸಿನಲ್ಲಿ ಇರಲಿಲ್ಲ, ಇನ್ನೊಂದರಲ್ಲೂ ಇರಲಿಲ್ಲ. ಆ ಹೊತ್ತಿನಲ್ಲಿ ನನಗೆ ಯಾವ ಹುಲ್ಲೂ ಬೇಡವಾಗಿತ್ತು. ಅತ್ತೆ ಬಂದರೆ ಸಾಕಿತ್ತು. ದೇವರಾಣೆ ಹೇಳುತ್ತೇನೆ, ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವರ ಮೇಲೆ ನನಗಿಷ್ಟು ಜೀವವಿದೆಯೆಂದು ಆ ಕಲ್ಲುಬೆಂಚಿನ ಮೇಲೆ ಕೂತಾಗಲೇ ತಿಳಿದದ್ದು.

ಮೂರನೆಯ ಬಸ್ಸಿನಿಂದ ಎಲ್ಲರೂ ಇಳಿದ ಮೇಲೆ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು. ಕೈಯಲ್ಲಿ ಗೊಬ್ಬರದ ಚೀಲ. ಅದರ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಎಲ್ಲಿ ಹೋಗಿದ್ರಿ ಅತ್ತೀ? ನನ್ನ ಜೀವಾನಾ ಬಾಯಿಗಿ ಬಂದಿತ್ತು!”

“ಜವಳಗೇರಾಕ್ಕ. ತಂಗಿ ಮನಿಗಿ.” ಎಷ್ಟೋ ದಿನದ ಮೇಲೆ ಅವರು ನನ್ನ ಮುಖ ನೋಡಿ ಮಾತಾಡಿದ್ದರು. “ಅಕಿ ಇನ್ನೂ ನಾಟಿಗಿ ಹೋಗ್ತಾಳ. ಅಲ್ಲಿ ಕೊನಿ ಹೊಲದಾಗ ನೀರು ಜಿನುಗೋ ತಗ್ಗು ಐತಿ. ಅಲ್ಲಿ ಇತ್ತು.”

“ನನಗ ಹೇಳಬಾರದೇನ್ರಿ? ನಾನೂ ಬರ್ತಿದ್ದೆ.”

“ನೀ ಬಂದಿದ್ರ ನೀ ತಂದಂಗ ಆಗ್ತಿತ್ತು” ಎಂದರು. “ಕೆಡಿಸಿದಾಕಿ ನಾನು. ನಾನಾ ತರಬೇಕಿತ್ತು.”

ಚೀಲ ಇಸಿದುಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ. ಮನೆಯವರೆಗೂ ತಾವೇ ಹಿಡಿದು ಬಂದರು.

ಪಡಸಾಲೆಯಲ್ಲಿ, ನನ್ನ ಅರ್ಧದಲ್ಲಿ, ಅವರೇ ಚೀಲ ಬಿಚ್ಚಿದರು. ಮೂರು ಗಿಡ. ಬೇರಿಗೆ ಕರಿ ಕೆಸರು ಹಾಗೇ ಮೆತ್ತಿಕೊಂಡಿತ್ತು. ತುದಿಗೆ ತಮ್ಮ ಹಳೆಯ ಸೀರೆಯ ಮೆತ್ತನೆಯ ಚೂರು ಸುತ್ತಿದ್ದರು, ಬಾಣಂತಿಯ ತಲೆಗೆ ಕಟ್ಟಿದ ಹಾಗೆ. ಬಸ್ಸಿನಲ್ಲಿ ಕೂಡಲು ಜಾಗ ಸಿಗದೆ ಸಿಂಧನೂರಿನವರೆಗೆ ಚೀಲವನ್ನು ಎದೆಗೊತ್ತಿಕೊಂಡು ನಿಂತೇ ಬಂದರಂತೆ.

“ಬೇರು ತೊಳದಿಲ್ಲ. ತಲಿ ಮುಟ್ಟಿಲ್ಲ. ಮತ್ತೇನರ ತಪ್ಪಾಗಿದ್ರ ಈಗಾ ಹೇಳಿಬಿಡು.”

ಬಟ್ಟೆ ಬಿಡಿಸಿದೆ. ಕಂದು ಗೊಂಚಲು ಒಂದೂ ಮುರಿದಿರಲಿಲ್ಲ. ಒಂದು ಗಿಡದ ದಂಟಿಗೆ ಅದೇ ಹುಲ್ಲಿನ ಎಳೆಯಿಂದ ಏನೋ ಕಾಗದ ಕಟ್ಟಿತ್ತು. ಬಿಚ್ಚಿ ನೋಡಿದರೆ ಬಸ್ಸಿನ ಟಿಕೇಟು. ಹೆಣ್ಣುಮಕ್ಕಳಿಗೆ ಕೊಡುವ ಸೊನ್ನೆ ರೂಪಾಯಿಯದು. ಜವಳಗೇರಾದಿಂದ ಸಿಂಧನೂರಿಗೆ, ಆ ದಿನದ ತಾರೀಖು, ವೇಳೆ, ಎಲ್ಲವೂ ಅಚ್ಚಾಗಿತ್ತು.

“ಚೀಟಿ ಇಲ್ಲದ ಗಿಡ ಕಸ ಅಂತಿದ್ದ್ಯಲ್ಲ” ಎಂದರು ಅತ್ತೆ. “ನನಗ ಬರಿಯಾಕ ಬರಂಗಿಲ್ಲ. ಯಾವೂರು, ಯಾವ ದಿನ ಅಂತ ಇದರಾಗ ಇರತೈತಿ ಅಂದಾ ಕಂಡಕ್ಟರ. ಸಿಂಧನೂರಾಗ ಬಸ್ ಬದಲಿ ಮಾಡಿದಾಗ ಕೊಟ್ಟಿದ್ದು ಸೆರಗಿನ್ಯಾಗ ಕಟ್ಟೀನಿ. ಎರಡೂ ಕಲಸಿಲ್ಲ ನೋಡು.”

ಇಪ್ಪತ್ತು ವರ್ಷದಲ್ಲಿ ನನ್ನ ಎಷ್ಟೋ ವಿದ್ಯಾರ್ಥಿಗಳು ತಾರೀಖು ಬರೆಯದೆ ಗಿಡ ತಂದಿದ್ದಾರೆ. ನಾನೂ ಮರೆತು ಆಮೇಲೆ ಅಂದಾಜಿನ ಮೇಲೆ ಹಾಕಿದ್ದಿದೆ. ಆ ಟಿಕೇಟು ಹಿಡಿದುಕೊಂಡು ನಾನು ಅತ್ತುಬಿಟ್ಟೆ. ಸಣ್ಣಗೆ ಅಲ್ಲ, ಗೊಳೋ ಎಂದು.

“ಅತ್ತೀ, ಅವತ್ತ ನಾ ಅಂದ ಮಾತು...”

“ಅಳೋದು ಆಮ್ಯಾಲ ಮಾಡು. ಹುಲ್ಲು ಬಾಡ್ತೈತಿ, ಪೇಪರ ಎಲ್ಲ್ಯಾವ?”

ಇಬ್ಬರೂ ಸೇರಿ ಬೇರು ತೊಳೆದೆವು. ಮಸೂರದಲ್ಲಿ ನೋಡಿದೆ. ಆರು ಎಸಳು, ಬೀಜದ ಡಬ್ಬಿ. ಅವರಿಗೂ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, “ಇಷ್ಟು ಚಂದ ಇದ್ದದ್ದನ್ನ ತತ್ತಿ ಅಂತ ಸುಟ್ಟೆನಲ್ಲವಾ” ಎಂದು ಹಣೆ ಬಡಿದುಕೊಂಡರು. ಪೇಪರು ಬದಲಿಸುವ ಕೆಲಸವನ್ನು ಅಂದಿನಿಂದ ಅವರೇ ವಹಿಸಿಕೊಂಡರು. ದಿನಕ್ಕೆ ಒಮ್ಮೆ ಸಾಕು ಎಂದರೆ ಎರಡು ಸಲ ಬದಲಿಸಿದರು.

ಒಣಗಿದ ಮೇಲೆ ಹಾಳೆಗೆ ಹೊಲಿದವರೂ ಅವರೇ, ಕೌದಿ ಹೊಲಿದ ಕೈ. ಟಿಕೇಟನ್ನು ಸಣ್ಣ ಲಕೋಟೆಯಲ್ಲಿಟ್ಟು ಹಾಳೆಯ ಮೇಲೆ ಅಂಟಿಸಿದೆ. ಪಟ್ಟಿ ಮುಗಿಯುವ ಮೊದಲೇ ತಲುಪಿಸುವಷ್ಟು ದಿನ ಇನ್ನೂ ಇತ್ತು. ಉಳಿದದ್ದು ಚೀಟಿ ಬರೆಯುವುದು. ನನ್ನ ಗಿಡಗಳ ಸಂಖ್ಯೆ ಆಗ ಇನ್ನೂರು ದಾಟಿತ್ತು, ರೂಢಿಯಂತೆ ಪೆನ್ನು ಅದನ್ನೇ ಬರೆಯಲು ಹೊರಟಿತ್ತು. ತಡೆದೆ. ಬರೆದು ಮುಗಿಸಿ ಹಾಳೆಯನ್ನು ಅವರ ಮುಂದಿಟ್ಟೆ.

ಅತ್ತೆ ಚೀಟಿಯ ಮೇಲೆ ಬೆರಳಾಡಿಸಿ ಕೊನೆಯ ಗೆರೆಯ ಹತ್ತಿರ ನಿಲ್ಲಿಸಿದರು. ತುಟಿಯ ಕೊನೆಯಲ್ಲಿ ನಗುವಿತ್ತು.

“ಇಲ್ಲಿ ನಾ ಹೆಬ್ಬೆಟ್ಟು ಒತ್ತಬೇಕೇನು?”

ನಾಚಿಕೆಯಿಂದ ತಲೆ ತಗ್ಗಿಸಿದೆ. “ಬ್ಯಾಡ್ರಿ ಅತ್ತೀ” ಎಂದೆ. “ಇಲ್ಲಿ ನಿಮ್ಮ ಹೆಸರು ಬರದೀನಿ.”

“ಹಂಗಾದ್ರ ಓದು, ಕೇಳ್ತೀನಿ.”

ಓದಿದೆ. ಊರು ಜವಳಗೇರಾ. ಕಾಲುವೆ ನೀರಿನ ಕೊನೆಯ ಹೊಲ, ಜಿನುಗುವ ತಗ್ಗು. ಊರಿನವರು ಕರೆಯುವುದು ಕಟ್ಟು ಕಟ್ಟೋ ಹುಲ್ಲು. ಕಿತ್ತವರು ಎಂದಲ್ಲಿ ಅವರ ಪೂರ್ತಿ ಹೆಸರು, ತವರಿನ ಹೆಸರೂ ಸೇರಿಸಿ. ಅದರ ಮುಂದೆ ಸಂಖ್ಯೆ ಒಂದು.

“ಒಂದು ಅಂದ್ರ?”

“ನೀವು ತಂದ ಗಿಡದಾಗ ಇದು ಮೊದಲನೇದು ಅಂತ್ರಿ.”

“ಇನ್ನೊಮ್ಮೆ ಓದು” ಎಂದರು. ಇನ್ನೊಮ್ಮೆ ಓದಿದೆ. ಹೆಸರು ಬಂದಾಗ ಸೆರಗು ಸರಿ ಮಾಡಿಕೊಂಡರು. ಮೂರನೆಯ ಸಲ ಓದಿಸಿಕೊಂಡ ಮೇಲೆ ಗೋಡೆಗೆ ಕೈಕೊಟ್ಟು ಎದ್ದು, ಗೂಡಿನಿಂದ ಆಧಾರ್ ಕಾರ್ಡ್ ತೆಗೆದು ಸೆರಗಿನ ತುದಿಗೆ ಕಟ್ಟಿಕೊಳ್ಳತೊಡಗಿದರು.

“ಇದೇನ್ರಿ ಅತ್ತೀ, ಎಲ್ಲಿಗಿ?”

“ಒಂದು ಅಂತ ಬರದ ಮ್ಯಾಲ ಎರಡು ಬ್ಯಾಡೇನು? ನಾಳಿ ಮುಂಜಾನಿ ಬಸ್ಸಿಗಿ ನೀನೂ ಬಾ” ಎಂದರು. “ನಾ ಕೀಳ್ತೀನಿ, ನೀ ಬರಿ.”